ಸಿಗಡಿ ಹೊತ್ತ ಅಪವಾದ

ನಾಯಿಮರಿಗೆ ಮೊದಲ ಲಸಿಕೆ ಹಾಕಿಸಿಕೊಂಡು ಬಂದ ದಿನ ಮಧ್ಯಾಹ್ನ ನಾವು ಊಟಕ್ಕೆ ಕುಳಿತಿದ್ದೆವು. ಅದು ಬಾಗಿಲಲ್ಲಿ ಬಂದು ನಿಂತು ನಮ್ಮನ್ನು ನೋಡಿತು. ನಾವೂ ಅದನ್ನು ನೋಡಿದೆವು. ಬೆಳಿಗ್ಗೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ ಮುಖ ಅದಾಗಿರಲಿಲ್ಲ. ತುಟಿ ದಪ್ಪವಾಗಿತ್ತು, ಕಣ್ಣು ಗೆರೆಯಷ್ಟೇ ಉಳಿದಿತ್ತು, ಕೆನ್ನೆಗಳೆರಡೂ ಎಣ್ಣೆಗೆ ಬಿಟ್ಟ ಬನ್ಸಿನ ಹಾಗೆ ಉಬ್ಬಿದ್ದವು. ನನಗೆ ತಡೆಯಲಾಗದೆ ನಗು ಬಂತು. ಅಷ್ಟರಲ್ಲಿ ಅದರ ಮುಂಗಾಲು ಮಡಚಿಕೊಂಡಿತು, ಮರಿ ನೆಲಕ್ಕೆ ಕುಸಿಯಿತು. ನನ್ನ ನಗು ನಿಂತುಹೋಯಿತು.

ನನ್ನ ಗಂಡ ಎಂಜಲು ಕೈಯಲ್ಲೇ ಅದನ್ನು ಎತ್ತಿಕೊಂಡು ಓಡಿದರು. ನಾವಿರುವುದು ಕೊಡಿಯಾಲ್‌ಬೈಲಿನ ಒಂದು ಓಣಿಯಲ್ಲಿ. ಸುತ್ತ ಫ್ಲಾಟುಗಳು ಎದ್ದಿವೆ, ನಡುವೆ ನಮ್ಮದೂ ನೆರೆಯವರದೂ ಎರಡು ಮನೆ ಮಾತ್ರ ಇನ್ನೂ ನೆಲದ ಮೇಲೆ ಕುಳಿತಿವೆ. ಮುಖ್ಯರಸ್ತೆಯ ಬ್ಲಾಕಿನಲ್ಲಿ ಆಟೋ ಸಿಕ್ಕಿಹಾಕಿಕೊಂಡದ್ದರಿಂದ ಅವರು ಇಳಿದು ಮರಿಯನ್ನು ಎದೆಗೊತ್ತಿಕೊಂಡು ಕ್ಲಿನಿಕ್ಕಿಗೆ ನಡೆದೇ ಹೋದರಂತೆ. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ಕೂರಿಸಿಕೊಂಡರು. ಸಂಜೆಯ ಹೊತ್ತಿಗೆ ಮರಿಗೆ ಅದರ ಮುಖ ವಾಪಸು ಸಿಕ್ಕಿತು. ಗಂಡನ ಮುಖಕ್ಕೆ ಬಣ್ಣ ಬರಲು ಮರುದಿನವಾಯಿತು.

"ಇನ್ನು ಈ ಮನೆಯಲ್ಲಿ ನಾಯಿಗೆ ಸೂಜಿ ಇಲ್ಲ," ಎಂದು ಅವರು ಘೋಷಿಸಿದರು.

"ಸೂಜಿ ಎಂತ ಮಾಡಿತು ಪಾಪ?" ಎಂದರು ಅತ್ತೆ. "ಬೆಳಿಗ್ಗೆ ಅದು ಎಟ್ಟಿಯ ತಲೆ ತಿಂದಿದೆ. ನಂಜು ಅದು."

ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಟ್ಟಿ ಎಂದರೆ ಸಿಗಡಿ. ನಂಜು ಎಂದರೇನೆಂದು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಗಾಯವಾದಾಗ, ಹೆರಿಗೆಯಾದಾಗ, ಕಿವಿ ಚುಚ್ಚಿಸಿದಾಗ, ಇಂಜೆಕ್ಷನ್ ತೆಗೆದುಕೊಂಡಾಗ ಕೆಲವು ಪದಾರ್ಥಗಳನ್ನು ಮುಟ್ಟಬಾರದು. ಸಿಗಡಿ, ಬಂಗುಡೆ, ಬದನೆಕಾಯಿ ಇವೆಲ್ಲ ನಂಜಿನವು. ತಿಂದರೆ ಗಾಯ ಕೀವಾಗುತ್ತದೆ, ಮೈ ತುರಿಸುತ್ತದೆ, ಊದಿಕೊಳ್ಳುತ್ತದೆ. ಇದು ಪಠ್ಯಪುಸ್ತಕದಲ್ಲಿ ಇಲ್ಲ, ಅತ್ತೆಯಂದಿರ ಬಾಯಲ್ಲಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಆದರೂ ಕೈಗೆ ಕತ್ತಿ ತಾಗಿದ ವಾರ ಬದನೆಕಾಯಿಯ ಕಡೆ ಕಣ್ಣೆತ್ತಿ ನೋಡುವುದಿಲ್ಲ.

ಬೇರೆ ಮನೆಗಳಲ್ಲಿ ಹಳೆಯ ಕಾಲದ ಅತ್ತೆ ಲಸಿಕೆ ಬೇಡವೆನ್ನುತ್ತಾರೆ, ಲೋಕ ಸುತ್ತಿದ ಮಗ ಬೇಕೆನ್ನುತ್ತಾನೆ. ನಮ್ಮಲ್ಲಿ ಎಲ್ಲವೂ ತಿರುವುಮುರುವು. ನನ್ನ ಗಂಡ ಗಲ್ಫಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ವೀಸಾಕ್ಕಾಗಿ ಅವರ ತೋಳಿಗೆ ಚುಚ್ಚದ ಸೂಜಿಯಿಲ್ಲ. ಕೊರೋನಾ ಕಾಲದಲ್ಲಿ ಅಂಗಿಯ ತೋಳು ಮಡಚಿಕೊಂಡು ಸರತಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತು, ಅದರ ಫೋಟೋವನ್ನು ಬಂಧುಬಳಗಕ್ಕೆಲ್ಲ ಕಳಿಸಿದವರು. ಅಂಥವರು ಈಗ ಬೆಳಗಿನ ಚಾ ಕುಡಿಯುತ್ತ ಮೊಬೈಲಿನಲ್ಲಿ ನಾಯಿಗಳಿಗೆ ಲಸಿಕೆಯಿಂದ ಆಗುವ ಅನಾಹುತಗಳ ವೀಡಿಯೋ ಹುಡುಕಿ ಹುಡುಕಿ ನೋಡತೊಡಗಿದರು. ಬೇಲಿಯಾಚೆ ಯಾರು ಸಿಕ್ಕರೂ ಅದೇ ಉಪದೇಶ. ಊರ ನಾಯಿಗೆ ದೇವರೇ ಶಕ್ತಿ ಕೊಟ್ಟಿರುತ್ತಾನೆ, ಚುಚ್ಚುವ ಅಗತ್ಯವಿಲ್ಲ ಎಂದು ಅವರು ಹೇಳುವಾಗ ಆ ಶಕ್ತಿವಂತ ಪ್ರಾಣಿ ಅವರ ಚಪ್ಪಲಿಯ ಪಟ್ಟಿ ಜಗಿಯುತ್ತಿರುತ್ತಿತ್ತು.

ಮರಿಗೆ ನಾವು ಹೆಸರಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಹಾಲಿನ ಬೂತಿನಿಂದ ಅತ್ತೆಯ ಸೀರೆಯ ನೆರಿಗೆ ಹಿಡಿದುಕೊಂಡೇ ಬಂದದ್ದು ಅದು. ಅತ್ತೆ "ಬಲ ಮಗಾ", ಬಾ ಮಗುವೇ, ಅಂದರೆ ಬರುತ್ತಿತ್ತು, ನಾವು ಏನಂದರೂ ಬರುತ್ತಿರಲಿಲ್ಲ. ಮಲಗುವುದು ಅವರ ಮಂಚದ ಕೆಳಗೆ. ಅವರು ಕಾಲು ಇಳಿಬಿಟ್ಟರೆ ಪಾದಕ್ಕೆ ತಲೆ ಆನಿಸಿಕೊಳ್ಳುತ್ತಿತ್ತು. ನಾನು ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ನನ್ನನ್ನು ಅವರು ಮಗಾ ಎಂದು ಕರೆದ ನೆನಪಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಮುಂದಿನದು ಹುಚ್ಚುನಾಯಿ ರೋಗದ ಲಸಿಕೆ. ಅದಕ್ಕೆ ಮರಿಗೆ ಮೂರು ತಿಂಗಳಾಗಲಿ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿ. ಕ್ಲಾಸಿನಲ್ಲಿ ಎಲೆಯ ಅಡ್ಡಸೀಳಿಕೆಯ ಚಿತ್ರ ಬರೆಯಲು ಹೇಳಿದರೆ ಎಲೆ ಬರೆದು, ಅದರ ಪಕ್ಕದಲ್ಲಿ ಎಲೆ ಮೂಸುವ ನಾಯಿಯನ್ನೂ ಬರೆಯುತ್ತಿದ್ದವಳು. ನಾನೂ ಗಂಡನೂ ಅವಳೆದುರು ಕುಳಿತು ಕೇಳಿದೆವು, ಹಾಕಿಸಿದರೆ ಏನಾದೀತು, ಹಾಕಿಸದಿದ್ದರೆ ಏನಾದೀತು?

"ಟೀಚರ್, ಇವನದ್ದು ಅಲರ್ಜಿ. ಕೆಲವು ನಾಯಿಗಳಿಗೆ ಆಗ್ತದೆ. ಹೆಚ್ಚಾಗಿ ಮುಖ ಊದಿ ತುರಿಸಿ ಇಳಿಯುತ್ತದೆ. ಅಪರೂಪಕ್ಕೆ ಉಸಿರಿಗೆ ಬರ್ತದೆ. ಇವನದ್ದು ಆ ಕಡೆಗೇ ಹೊರಟಿತ್ತು, ಸುಳ್ಳು ಹೇಳುವುದಿಲ್ಲ," ಎಂದಳು. "ಆದ್ರೆ ರೇಬೀಸ್ ಲಸಿಕೆ ಬೇರೆಯೇ. ಅದಕ್ಕೂ ಹಾಗೇ ಆಗಬೇಕೂಂತ ಇಲ್ಲ. ಮೊದಲು ಅಲರ್ಜಿಯ ಮದ್ದು ಕೊಡ್ತೇನೆ, ಅದೊಂದನ್ನೇ ಹಾಕ್ತೇನೆ, ಇಲ್ಲೇ ಕೂರಿಸಿಕೊಳ್ತೇನೆ. ಹಾಕದಿದ್ರೆ ಇವನ ಪಾಡು ಬೀದಿಯ ನಾಯಿಗಳ ಕೈಯಲ್ಲಿ. ಆ ರೋಗ ಒಮ್ಮೆ ಕಾಣಿಸಿಕೊಂಡ್ರೆ ನಾಯಿಗೂ ಮದ್ದಿಲ್ಲ, ಮನುಷ್ಯರಿಗೂ ಇಲ್ಲ."

"ಈ ಸಲ ಏನೂ ಆಗುವುದಿಲ್ಲ ಅಂತ ಹೇಳ್ತೀರಾ?" ಎಂದು ಕೇಳಿದರು ಗಂಡ.

"ಹಾಗೆ ಹೇಳ್ಲಿಕ್ಕೆ ಆಗುವುದಿಲ್ಲ ಸರ್."

ಅಷ್ಟು ಹೊತ್ತು ಅವಳು ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಈ ಒಂದು ವಾಕ್ಯ. ಮನೆಗೆ ಬಂದು ಅದನ್ನೇ ತಾಯಿಗೆ ವರದಿ ಮಾಡಿದರು. ಅತ್ತೆ ತಲೆ ಎತ್ತದೆ, "ಎಟ್ಟಿ ಕೊಡದೆ ಹಾಕಿಸು, ಏನೂ ಆಗುವುದಿಲ್ಲ," ಎಂದರು.

ನನಗೆ ಲಸಿಕೆ ಹಾಕಿಸಲೇಬೇಕಿತ್ತು. ಅದಕ್ಕೆ ಕಾರಣ ನಮ್ಮ ಗೇಟು. ನೆರೆಮನೆಯ ಕಾಕನಿಗೆ ಬಂದರಿನಲ್ಲಿ ಒಣಮೀನಿನ ಸಗಟು ವ್ಯಾಪಾರ. ಅವರ ಮೊಮ್ಮಗಳು ಶಾಲೆಯಿಂದ ಬರುವಾಗ ಗೇಟಿನ ಸರಳುಗಳ ನಡುವೆ ಬಿಸ್ಕಿಟು ತೂರಿಸುತ್ತಾಳೆ. ಮರಿ ಬಿಸ್ಕಿಟಿನ ಜೊತೆ ಬೆರಳನ್ನೂ ಸ್ವಲ್ಪ ತಿನ್ನುತ್ತದೆ. ಕಾಕ ನಾಯಿಯನ್ನು ಮುಟ್ಟುವವರಲ್ಲ, ಅವರ ನಮಾಜಿನ ಶುದ್ಧಿಗೆ ಅದು ಹೊಂದುವುದಿಲ್ಲ. ಆದರೆ ಒಂದು ದಿನ ಅದು ಕಾಣದಿದ್ದರೆ ತಮ್ಮ ಅಂಗಳದಿಂದಲೇ ಕೂಗಿ ವಿಚಾರಿಸುತ್ತಾರೆ. ದಿನಾ ಬೆಳಿಗ್ಗೆ ಅವರದ್ದು ನನಗೆ ಒಂದೇ ಪ್ರಶ್ನೆ. "ಟೀಚರೇ, ಸೂಜಿ ಆಯ್ತಾ?" ಇಲ್ಲ ಎಂದರೆ ಬಯ್ಯುವುದಿಲ್ಲ. ಮೊಮ್ಮಗಳ ಕೈ ಹಿಡಿದು ರಸ್ತೆಯ ಆಚೆ ಬದಿಯಿಂದ ಕರೆದುಕೊಂಡು ಹೋಗುತ್ತಾರೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಪರಾಧಿ ಸಿಗಡಿಯೋ ಸೂಜಿಯೋ ಎಂದು ಪತ್ತೆ ಮಾಡಿದರೆ ಗಂಡನ ಬಾಯಿ ಮುಚ್ಚಿಸಬಹುದು ಎಂಬ ಆಲೋಚನೆ ನನಗೆ ಬಂದದ್ದು ಆಗ. ಇಷ್ಟು ವರ್ಷ ಮಕ್ಕಳಿಗೆ ಪ್ರಯೋಗ ಹೇಳಿಕೊಟ್ಟವಳು, ಒಂದನ್ನು ಮನೆಯಲ್ಲಿ ಮಾಡಬಾರದೆ? ಸೂಜಿಯಿಲ್ಲದ ದಿನ ಬರಿಯ ಸಿಗಡಿ ತಿನ್ನಿಸುವುದು. ಮುಖ ಊದಿದರೆ ಸಿಗಡಿಯೇ ಅಪರಾಧಿ, ಲಸಿಕೆ ನಿರ್ದೋಷಿ. ಗಂಡ ಸುರತ್ಕಲ್ಲಿಗೆ ಮದುವೆಗೆ ಹೋದ ದಿನವನ್ನು ಆರಿಸಿದೆ. ಅತ್ತೆಗೆ ಮಧ್ಯಾಹ್ನದ ನಿದ್ದೆ. ಅಲರ್ಜಿಗೆಂದು ಡಾಕ್ಟರು ಮೊದಲೇ ಕೊಟ್ಟಿದ್ದ ಮದ್ದನ್ನು ಮೇಜಿನ ಮೇಲಿಟ್ಟೆ. ಓಣಿಯ ತುದಿಯ ಆಟೋದವನಿಗೆ ಎಲ್ಲಿಗೂ ಹೋಗಬೇಡ ಮಾರಾಯ ಎಂದು ಹೇಳಿಟ್ಟೆ. ಬೇಯಿಸಿದ ಸಿಗಡಿಯ ತಲೆಗಳನ್ನು ಅನ್ನದಲ್ಲಿ ಕಲಸಿ ಇಟ್ಟು, ಎದುರಿಗೆ ಮಣೆ ಹಾಕಿಕೊಂಡು ಕುಳಿತೆ.

ಮರಿ ತಿಂದಿತು. ತಟ್ಟೆ ನೆಕ್ಕಿತು. ನನ್ನ ಮುಖ ನೋಡಿತು. ನಾನು ಅದರ ತುಟಿ ನೋಡಿದೆ, ಕಣ್ಣು ನೋಡಿದೆ, ಹೊಟ್ಟೆಯ ರೋಮ ಸರಿಸಿ ಚರ್ಮ ನೋಡಿದೆ. ಕಾದೆ. ಅದು ಖಾಲಿ ತಟ್ಟೆಯನ್ನು ಕಚ್ಚಿ ಎಳೆದುಕೊಂಡು ನನ್ನ ಮಡಿಲಿನಲ್ಲಿಟ್ಟು ಬಾಲ ಆಡಿಸಿತು. ಇನ್ನೊಂದು ಸುತ್ತು ಬರಲಿ ಎಂದರ್ಥ. ಊತ ಬಿಡಿ, ಒಂದು ಸೀನು ಕೂಡ ಬರಲಿಲ್ಲ.

ಸತ್ಯ ಹೊರಬಂದಿತ್ತು, ಆದರೆ ನನ್ನ ಗಂಡನ ಪರವಾಗಿ. ಫಲಿತಾಂಶ ಏನೇ ಬಂದರೂ ಅದನ್ನೇ ಬರೆಯಬೇಕು ಎಂದು ನಾನು ಮಕ್ಕಳ ಕಿವಿ ಹಿಂಡಿ ಹೇಳುತ್ತಿದ್ದೆ. ನಿವೃತ್ತಿಯಾದವರಿಗೆ ಆ ನಿಯಮ ಅನ್ವಯಿಸುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಉಳಿದ ಸಿಗಡಿಯನ್ನು ಸುಕ್ಕ ಮಾಡಿ, ಮದುವೆಯೂಟದಿಂದ ಬಂದ ಗಂಡನಿಗೂ ಎರಡು ತುಂಡು ಕೊಟ್ಟು ಸಾಕ್ಷ್ಯ ನಾಶ ಮಾಡಿದೆ.

ಎರಡು ದಿನ ಕಳೆದು ಕಾಕ ಗೇಟಿನ ಬಳಿ ಬಂದು ಕಾಗದದ ಪೊಟ್ಟಣವೊಂದನ್ನು ಚಾಚಿದರು. "ಅತ್ತೆಯವರಿಗೆ ಕೊಡಿ ಟೀಚರೇ. ಒಣ ಎಟ್ಟಿಯ ಪುಡಿ. ಈ ಸಲದ್ದು ಒಳ್ಳೆಯದುಂಟು."

"ಎಂತಕ್ಕೆ?"

"ನಾಯಿಗೆ ಅಲ್ವಾ? ಅದಿಲ್ಲದಿದ್ರೆ ಅನ್ನ ಮುಟ್ಟುವುದಿಲ್ಲ ಅಂತೆ. ಮರಿ ಬಂದಾಗಿನಿಂದ ತರಿಸ್ತಾ ಇದ್ದಾರೆ."

"ಮುಖ ಊದಿದ ಮೇಲೂ?"

"ಒಂದು ವಾರವೂ ತಪ್ಪಿಲ್ಲ," ಎಂದರು ಕಾಕ. ಏನೋ ಹೇಳಬಾರದ್ದು ಹೇಳಿದೆ ಎಂದು ಅವರಿಗೆ ಹೊಳೆದಿರಬೇಕು, ಬಂದರಿಗೆ ತಡವಾಯಿತೆಂದು ಹೊರಟೇಬಿಟ್ಟರು.

ನನಗಾದ ಸಂತೋಷವನ್ನು ಹೇಗೆ ಹೇಳಲಿ! ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆ ನನ್ನ ಕೈಗೆ ಒಂದೇ ಒಂದು ಸಲ ಸಿಕ್ಕಿಬಿದ್ದಿರಲಿಲ್ಲ. ಪೊಟ್ಟಣ ಹಿಡಿದು ಅಡುಗೆಮನೆಗೆ ಹೋದೆ. ಅವರು ಅಲಸಂಡೆ ಮುರಿಯುತ್ತ ಕುಳಿತಿದ್ದರು. ಮರಿ ಪಾದದ ಬಳಿ ಮಲಗಿತ್ತು. ಪೊಟ್ಟಣವನ್ನು ಅವರೆದುರು ಇಟ್ಟು, "ನಂಜಿನ ಪುಡಿ ಬಂದಿದೆ ಅತ್ತೆ," ಎಂದೆ.

ಅವರು ಪೊಟ್ಟಣವನ್ನು ನೋಡಿದರು, ನನ್ನನ್ನು ನೋಡಿದರು. ನಾಚಿಕೆಯ ಸುಳಿವೂ ಇಲ್ಲ. "ಮೆಲ್ಲ ಮಾತಾಡು. ನಿನ್ನ ಗಂಡನಿಗೆ ಕೇಳ್ತದೆ," ಎಂದರು.

"ಎಟ್ಟಿಯಿಂದ ಅಲ್ಲ ಅಂತ ನಿಮಗೆ ಗೊತ್ತಿತ್ತಾ?"

"ದಿನಾ ತಿನ್ನುವ ಎಟ್ಟಿ ಆ ಒಂದು ದಿನ ಮಾತ್ರ ನಂಜಾಗ್ತದಾ? ಸೂಜಿಯದ್ದೇ ಅದು."

"ಮತ್ತೆ ಯಾಕೆ ಸುಳ್ಳು ಹೇಳಿದ್ದು?"

"ಅವನು ಹೆದರಿದ್ದಾನೆ. ಹೆದರಿದವನ ಹತ್ತಿರ ವಾದ ಮಾಡಿದ್ರೆ ಕೇಳ್ತಾನಾ? ಎಟ್ಟಿಯ ಮೇಲೆ ಹಾಕಿದ್ರೆ ಸೂಜಿಗೆ ದಾರಿಯಾಗ್ತದೆ ಅಂತ ಹಾಗೆ ಹೇಳಿದೆ. ಎಟ್ಟಿಗೆ ಬೇಸರ ಉಂಟಾ?"

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ನಾನು ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ. "ಸೂಜಿಯಿಂದ ಇದು ಸತ್ತರೆ?"

ಅತ್ತೆ ಕೈಯಲ್ಲಿದ್ದ ಅಲಸಂಡೆಯನ್ನು ಮುರಿಯದೆ ಹಿಡಿದುಕೊಂಡರು. "ಸತ್ತರೆ ಅಳ್ತೇನೆ. ನನಗೇ ಎಲ್ಲರಿಗಿಂತ ಹೆಚ್ಚು ಅಳು ಬರುವುದು. ಆದ್ರೆ ನಾನು ಸಣ್ಣದಿರುವಾಗ ಹುಚ್ಚುನಾಯಿಯನ್ನು ನೋಡಿದ್ದೇನೆ. ಅದು ಮೊದಲು ಕಚ್ಚುವುದು ಅನ್ನ ಹಾಕುವ ಕೈಯನ್ನು. ಮತ್ತೆ ಗೇಟಿನ ಆಚೆ ಇರುವ ಮಗುವಿನ ಕೈಯನ್ನು. ಮುಖ ಊದಿದ್ರೆ ಡಾಕ್ಟರಿಗೆ ಎಂತಾದರೂ ಮಾಡ್ಲಿಕ್ಕುಂಟು. ಆ ಹುಚ್ಚಿಗೆ ಎಂತ ಉಂಟು?"

ಕ್ಲಿನಿಕ್ಕಿನಲ್ಲಿ ಡಾಕ್ಟರಿಂದ ಕೇಳಿದ್ದನ್ನೇ ಅತ್ತೆ ಹೇಳಿದ್ದರು, ಆದರೆ ನನಗೆ ಅದು ಅರ್ಥವಾದದ್ದು ಆಗ. ಆ ಕ್ಷಣದಿಂದ ನಾವಿಬ್ಬರೂ ಒಂದೇ ಪಕ್ಷ. ಅತ್ತೆ ಸೊಸೆ ಒಂದಾದರೆ ಮನೆಯ ಗಂಡಸಿನ ಗತಿ ಏನೆಂದು ನನ್ನ ಗಂಡನಿಗೆ ಆ ರಾತ್ರಿಯ ಊಟದಲ್ಲಿ ತಿಳಿಯಿತು.

"ನಾಯಿಗೆ ಇವತ್ತಿನಿಂದ ಪಥ್ಯ," ಎಂದರು ಅತ್ತೆ. "ನಂಜು ಪೂರ್ತಿ ಇಳಿಯಲಿ. ಮತ್ತೆ ಸೂಜಿ. ಆಗಲೂ ಊದಿದ್ರೆ ನೀನು ಹೇಳಿದ್ದೇ ಸರಿ, ಇನ್ನು ಯಾವತ್ತೂ ಹಾಕಿಸುವುದು ಬೇಡ."

ಗಂಡನಿಗೆ ಇದು ನ್ಯಾಯವಾಗಿಯೇ ಕಂಡಿತು, ಒಪ್ಪಿದರು. ಒಪ್ಪಿದ ಮೇಲೆ ಸಾರು ಬಡಿಸಿದೆ. ಅದು ಸೌತೆಕಾಯಿಯ ಸಾರು.

"ಮೀನೆಲ್ಲಿ?"

"ವಾಸನೆ ಬಂದ್ರೆ ಅದು ಅನ್ನ ತಿನ್ನುತ್ತದಾ? ನಾಯಿಗೆ ಪಥ್ಯ ಅಂದ್ರೆ ಮನೆಗೇ ಪಥ್ಯ," ಎಂದರು ಅತ್ತೆ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಇಬ್ಬರು ಸತ್ಯಾಗ್ರಹಿಗಳು ಹುಟ್ಟಿಕೊಂಡರು. ಗಂಜಿಯ ತಟ್ಟೆಯ ಮುಂದೆ ಮರಿ ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತಿತ್ತು. ಊಟದ ತಟ್ಟೆಯ ಮುಂದೆ ಗಂಡ ನಿಟ್ಟುಸಿರು ಬಿಡುತ್ತಿದ್ದರು. ಸೌತೆ, ಬಸಳೆ, ಹೆಸರುಕಾಳು, ಮತ್ತೆ ಸೌತೆ. ಮೊಬೈಲಿನ ವೀಡಿಯೋ ನಿಂತವು. ಮೀನಿನವಳ ಕೂಗು ಓಣಿಯಲ್ಲಿ ಕೇಳಿದರೆ ಎರಡು ಪ್ರಾಣಿಗಳೂ ಒಟ್ಟಿಗೆ ಎದ್ದು ಗೇಟಿನವರೆಗೆ ಹೋಗಿ, ಒಟ್ಟಿಗೆ ವಾಪಸು ಬರುತ್ತಿದ್ದವು. ಕೊನೆಗೊಂದು ದಿನ ಗಂಡ ತಟ್ಟೆ ಸರಿಸಿ, "ನಂಜು ಇಳಿದಿರಬಹುದು ಮಾರಾಯ್ತಿ. ಆ ಸೂಜಿ ಹಾಕಿಸಿ ಮುಗಿಸುವ," ಎಂದರು. ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ನಕ್ಕು ಎಲ್ಲವನ್ನೂ ಕೆಡಿಸುತ್ತಿದ್ದೆ.

ಕ್ಲಿನಿಕ್ಕಿಗೆ ತಾನೂ ಬರುತ್ತೇನೆಂದು ಅತ್ತೆ ಹಠ ಹಿಡಿದರು. ಮಂಡಿನೋವಿನಿಂದ ಓಣಿಯ ತುದಿ ದಾಟಿ ಎಷ್ಟೋ ಕಾಲವಾಗಿತ್ತು. ಆಟೋದಲ್ಲಿ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ನನ್ನ ವಿದ್ಯಾರ್ಥಿನಿ ಮೊದಲು ಅಲರ್ಜಿಯ ಮದ್ದು ಕೊಟ್ಟು ಕಾಯಿಸಿದಳು, ಆಮೇಲೆ ಲಸಿಕೆ ಹಾಕಿದಳು. ಮರಿ ಕುಂಯ್ ಎಂದಿತು. ಗಂಡ ಅದಕ್ಕಿಂತ ಜೋರಾಗಿ ಉಸಿರೆಳೆದರು. ನಾವು ಮೂವರೂ ಬೆಂಚಿನ ಮೇಲೆ ಕುಳಿತು ಅದರ ಮುಖವನ್ನೇ ನೋಡತೊಡಗಿದೆವು.

ಏನೂ ಆಗುವುದಿಲ್ಲ ಎಂದು ನಾನು ನಂಬತೊಡಗಿದ ಹೊತ್ತಿಗೇ ಅದು ಮೂತಿಯನ್ನು ಬೆಂಚಿನ ಕಾಲಿಗೆ ಉಜ್ಜಿಕೊಂಡಿತು. ಮೇಲಿನ ತುಟಿ ಒಂದು ಬದಿಯಲ್ಲಿ ಮೆಲ್ಲಗೆ ದಪ್ಪವಾಗುತ್ತಿತ್ತು. ಗಂಡ ಎದ್ದು ನಿಂತರು. ಡಾಕ್ಟರ್ ಬಂದು ಅದರ ಒಸಡು ಒತ್ತಿ ನೋಡಿದಳು, ಎದೆಗೆ ಸ್ಟೆಥಸ್ಕೋಪ್ ಇಟ್ಟಳು, ತುಂಬಿಸಿಟ್ಟಿದ್ದ ಇನ್ನೊಂದು ಸಿರಿಂಜನ್ನು ಕೈಗೆತ್ತಿಕೊಂಡು ಪಕ್ಕದಲ್ಲೇ ನಿಂತಳು. ಕುತಂತ್ರ ಮಾಡಿ ಕರೆತಂದವಳು ನಾನು. ಈಗ ಸತ್ತರೆ ಯಾರಿಗೆ ಏನೆಂದು ಹೇಳಲಿ ಎಂದು ಭಯವಾಯಿತು.

ತುಟಿ ಅಲ್ಲಿಗೇ ನಿಂತಿತು. ಕಣ್ಣಿಗೆ ಏರಲಿಲ್ಲ, ಉಸಿರಿಗೆ ಇಳಿಯಲಿಲ್ಲ. "ಇಷ್ಟೇ. ಉಸಿರು ಸರಿಯುಂಟು. ಇನ್ನು ಇಳಿಯುತ್ತದೆ, ಸ್ವಲ್ಪ ಹೊತ್ತು ಕೂತುಕೊಳ್ಳಿ," ಎಂದು ಡಾಕ್ಟರ್ ಸಿರಿಂಜನ್ನು ಕೆಳಗಿಟ್ಟಳು. ಸೊಟ್ಟ ಮೂತಿಯ ಮರಿ ಬಾಲ ಆಡಿಸಿತು.

ಗಂಡ ತಾಯಿಯ ಕಡೆ ತಿರುಗಿದರು. "ಎಟ್ಟಿ ತಿನ್ನಲಿಲ್ಲವಲ್ಲ ಅಮ್ಮ. ಇದು ಸೂಜಿಯದ್ದೇ ಅಲ್ವಾ?"

"ಸೂಜಿಯದ್ದೇ. ನನಗೆ ಮೊದಲೇ ಗೊತ್ತಿತ್ತು."

"ಗೊತ್ತಿದ್ದೂ ಕರ್ಕೊಂಡು ಬಂದ್ರಾ? ಅವತ್ತು ಅದು ನನ್ನ ಕೈಯಲ್ಲಿ ತಣ್ಣಗಾಗಿತ್ತಮ್ಮ!" ಗಂಡನ ದನಿ ಏರಿತು. ಬೆಕ್ಕಿನ ಬುಟ್ಟಿ ಹಿಡಿದು ಕುಳಿತಿದ್ದವರೊಬ್ಬರು ನಮ್ಮ ಕಡೆ ನೋಡಿದರು.

ಅತ್ತೆ ಮರಿಯ ತಲೆಯ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು. "ನನಗೆ ಒಬ್ಬ ತಮ್ಮ ಇದ್ದ."

ಅವರು ಒಬ್ಬಳೇ ಮಗಳು ಎಂದು ನಾವೆಲ್ಲ ತಿಳಿದಿದ್ದೆವು. ಉಳ್ಳಾಲದ ಅವರ ತವರಿನ ಗೋಡೆಯ ಮೇಲೆ ಅಂಥ ಹುಡುಗನ ಫೋಟೋ ಇರಲಿಲ್ಲ, ಯಾರ ಬಾಯಲ್ಲೂ ಅವನ ಸುದ್ದಿ ಇರಲಿಲ್ಲ.

"ನಮ್ಮದೇ ನಾಯಿ ಕಚ್ಚಿದ್ದು. ಸಣ್ಣ ಗಾಯ, ಕೈಗೆ. ನಮ್ಮ ನಾಯಿಯಲ್ವಾ, ಎಂತ ಆಗ್ತದೆ ಅಂತ ಯಾರೂ ಆಸ್ಪತ್ರೆಗೆ ಕೊಂಡುಹೋಗಲಿಲ್ಲ. ಗಾಯಕ್ಕೆ ನಂಜಾಗ್ಬಾರ್ದು ಅಂತ ಅಮ್ಮ ಅರಸಿನ ಹಚ್ಚಿದ್ರು, ಮೀನು ಬಿಡಿಸಿದ್ರು. ಅವನು ಅಳ್ತಿದ್ದ, ಎಟ್ಟಿ ಬೇಕು ಅಂತ. ನಾನು ಕಾವಲು, ಕದ್ದು ತಿನ್ನದ ಹಾಗೆ. ಗಾಯ ಚಂದದಲ್ಲಿ ಒಣಗಿತು. ಪಥ್ಯ ಬಿಡುವ ದಿನ ಅಮ್ಮ ಎಟ್ಟಿ ಗಸಿ ಮಾಡಿ ಬಡಿಸಿದ್ರು. ಅವನಿಗೆ ನುಂಗ್ಲಿಕ್ಕೆ ಆಗಲಿಲ್ಲ. ನೀರು ಕೊಟ್ರೆ ಚೊಂಬು ಕಂಡೇ ಕಿರುಚಿದ."

ನಮ್ಮ ಕಡೆ ಸೋದರಮಾವನೆಂದರೆ ಏನೆಂದು ಗಂಡನಿಗೆ ಗೊತ್ತು. ಹೆಸರಿಡುವುದಕ್ಕೂ ಮದುವೆಗೂ ಮುಂದೆ ನಿಲ್ಲಬೇಕಾದವನು ಅವನು. ತನಗೆ ಆ ಭಾಗ್ಯವಿಲ್ಲ ಎಂದುಕೊಂಡೇ ಬೆಳೆದವರು ಅವರು. ನಿಧಾನವಾಗಿ ಬೆಂಚಿನ ಮೇಲೆ ಕುಳಿತರು.

"ಎಷ್ಟು ಪ್ರಾಯ?" ಎಂದು ಕೇಳಿದರು.

"ಮುಂದಿನ ಹಲ್ಲು ಬಿದ್ದಿತ್ತು. ಹೊಸತು ಬಂದಿರಲಿಲ್ಲ."

ಡಾಕ್ಟರ್ ಬಂದು ಮರಿಯ ಮೂತಿಯನ್ನು ಇನ್ನೊಮ್ಮೆ ನೋಡಿ, ಇಳಿಯುತ್ತಿದೆ, ಮನೆಗೆ ಕರೆದುಕೊಂಡು ಹೋಗಬಹುದು ಎಂದಳು. ಮೊದಲು ಊದಿಸಿದ ಲಸಿಕೆಯ ಮುಂದಿನ ಡೋಸನ್ನು ಸದ್ಯಕ್ಕೆ ಬಿಡುವ, ಅದನ್ನು ಯೋಚಿಸಿ ನಿರ್ಧರಿಸಬೇಕು, ಆದರೆ ಇವತ್ತು ಹಾಕಿದ್ದನ್ನು ಮುಂದಿನ ವರ್ಷವೂ ಹಾಕಿಸಬೇಕು ಎಂದಳು. ಆಗಲೂ ಹೀಗೆಯೇ ಮದ್ದು ಕೊಟ್ಟು ಇಲ್ಲೇ ಕಾಯಬೇಕು, ಆಗಲೂ ಊದಬಹುದು ಎಂದಳು.

ಗಂಡ ತಾಯಿಯ ಮಡಿಲಿನಿಂದ ಮರಿಯನ್ನು ಎತ್ತಿಕೊಂಡರು. "ಮುಂದಿನ ವರ್ಷವೂ ಬರ್ತೇವೆ," ಎಂದರು.